ಕ್ಯಾಸೆಟ್ಟಿಗೆ ಬಾರದ ಸಂಗೀತ

2025ರ ಜನವರಿಯಲ್ಲಿ ರಾಮ್ ಗೋಪಾಲ್ ವರ್ಮಾ ಅವರ ‘ಸತ್ಯ’ ಮತ್ತೊಮ್ಮೆ ಥಿಯೇಟರುಗಳಿಗೆ ಬಂತು. ಅದು ಮೊದಲು ತೆರೆಕಂಡದ್ದು 1998ರ ಜುಲೈಯಲ್ಲಿ. ಮರುಬಿಡುಗಡೆಯ ನೆಪದಲ್ಲಿ ಭೀಕು ಮ್ಹಾತ್ರೆಯಾದ ಮನೋಜ್ ಬಾಜಪೇಯಿ, ಅನುರಾಗ್ ಕಶ್ಯಪ್ ಮತ್ತು ಸೌರಭ್ ಶುಕ್ಲಾ ಬರೆದ ಚಿತ್ರಕಥೆ, ವಿಶಾಲ್ ಭಾರದ್ವಾಜ್ ಅವರ ಹಾಡುಗಳು, ಗುಲ್ಜಾರರ ಸಾಹಿತ್ಯ ಎಲ್ಲವೂ ಮತ್ತೆ ಮಾತಿಗೆ ಬಂದವು. ಹಿನ್ನೆಲೆ ಸಂಗೀತ ಮಾಡಿದ ಸಂದೀಪ್ ಚೌಟ ಅವರ ಹೆಸರು ಬಂದದ್ದು ಆ ಸಾಲಿನ ತುದಿಯಲ್ಲಿ, ಅದೂ ಕೆಲವರ ಬಾಯಲ್ಲಿ ಮಾತ್ರ. ಮಂಜೇಶ್ವರದ ಮೀಯಪದವಿನ ಚೌಟರ ಮನೆತನದ ಹೆಸರು ಅದು ಎಂದು ಗೊತ್ತಿರುವ ನಮ್ಮ ಕಡೆಯವರೂ ಆ ಸಂಗೀತದ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. 1998ರಲ್ಲಿ ನಾವು ಹೇಗೆ ಕೇಳಿದ್ದೆವೋ ಈಗಲೂ ಹಾಗೆಯೇ ಕೇಳುತ್ತಿದ್ದೇವೆ ಎಂದು ಇದರಿಂದ ತಿಳಿಯುತ್ತದೆ. ಮಂಗಳೂರಿನ ಕಂಕನಾಡಿಯಂಥ ಕಡೆ 90ರ ದಶಕದಲ್ಲಿ ಸಂಗೀತ ಕೇಳಿ ಬೆಳೆದ ಒಂದು ತಲೆಮಾರು ಕೀಬೋರ್ಡ್ ನುಡಿಸುವವನನ್ನು ಯಾವ ಅಳತೆಗೋಲಿನಿಂದ ಅಳೆಯಿತು, ಆ ಅಳತೆ ಸರಿಯಿತ್ತೇ ಎಂಬುದನ್ನು ಈಗಲಾದರೂ ವಿಚಾರಿಸಬೇಕು. ಸರಿಯಿರಲಿಲ್ಲ ಎಂಬುದು ನನ್ನ ವಾದ. ಹಾಡಿನಿಂದ ಅಳೆದೆವು, ದೃಶ್ಯದಿಂದ ಅಳೆಯಬೇಕಿತ್ತು.

ಆಗಿನ ಕಂಕನಾಡಿಯನ್ನು ಈಗ ಕಟ್ಟಿಕೊಡುವುದು ಸುಲಭವಲ್ಲ. ಫಾದರ್ ಮುಲ್ಲರ್ ಆಸ್ಪತ್ರೆ ಇದ್ದಲ್ಲೇ ಇದೆ. 1880ರಲ್ಲಿ ಜರ್ಮನಿಯ ಆಗಸ್ಟಸ್ ಮುಲ್ಲರ್ ಪಾದ್ರಿಗಳು ಹೋಮಿಯೋಪತಿ ಔಷಧ ಕೊಡಲು ತೊಡಗಿದ ಜಾಗ ಇಂದು ದೊಡ್ಡ ವೈದ್ಯಕೀಯ ಕಾಲೇಜು. ಗರೋಡಿಯಲ್ಲಿ ಬೈದರ್ಕಳ ನೇಮ ಈಗಲೂ ನಡೆಯುತ್ತದೆ. ಆದರೆ ಹಳೆಯ ಮಾರುಕಟ್ಟೆ ಹೋಯಿತು. ಪಂಪ್‌ವೆಲ್‌ನ ಮೇಲ್ಸೇತುವೆ ವರ್ಷಗಟ್ಟಲೆ ತೆವಳಿ 2020ರ ಜನವರಿಯಲ್ಲಿ ತೆರೆದುಕೊಂಡಿತು. ಆಚೆಯ ಜ್ಯೋತಿ ಟಾಕೀಸು ಈಗ ಬಸ್ಸಿನ ಕಂಡಕ್ಟರುಗಳು ಕೂಗುವ ಸ್ಟಾಪಿನ ಹೆಸರಾಗಿ ಉಳಿದಿದೆ. ಕಂಕನಾಡಿ ಸ್ಟೇಶನ್ ಎಂದು ಊರೆಲ್ಲ ಕರೆಯುತ್ತಿದ್ದ ನಿಲ್ದಾಣಕ್ಕೆ ಮಂಗಳೂರು ಜಂಕ್ಷನ್ ಎಂಬ ಬೋರ್ಡು ಬಂದಿದೆ. ‘ಸತ್ಯ’ ತೆರೆಕಂಡ 1998ರಲ್ಲೇ ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಶುರುವಾಯಿತು. ಬಸ್ಸಿನಲ್ಲಿ ಘಾಟಿ ಹತ್ತಿಳಿದು ಸೇರುತ್ತಿದ್ದ ಮುಂಬಯಿ ಒಂದು ರಾತ್ರಿಯ ದೂರಕ್ಕೆ ಬಂತು. ಹೋಟೆಲು, ಬ್ಯಾಂಕು, ಮಿಲ್ಲುಗಳ ಕೆಲಸಕ್ಕೆ ತಲೆಮಾರುಗಳಿಂದ ಮುಂಬಯಿಗೆ ಹೋದ ತುಳುವರು ಪ್ರತಿ ಮನೆಯಲ್ಲೂ ಇದ್ದರು. ಆದ್ದರಿಂದ ಆ ಚಿತ್ರದ ಚಾಳು, ಬಾರು, ಮಳೆ, ಲೋಕಲ್ ರೈಲು ಇಲ್ಲಿಯವರಿಗೆ ಪರದೇಶದ ಚಿತ್ರವಾಗಿರಲಿಲ್ಲ. ಸ್ವಂತ ಮಾವನೋ ಅಣ್ಣನೋ ಬದುಕುತ್ತಿದ್ದ ಊರು ಅದು.

ಆ ಕಾಲದಲ್ಲಿ ಸಿನಿಮಾ ಸಂಗೀತ ಎಂದರೆ ಕ್ಯಾಸೆಟ್. ಒಂದು ಚಿತ್ರದ ಐದಾರು ಹಾಡು ಕ್ಯಾಸೆಟ್ಟಿನ ಎರಡು ಬದಿಗಳಲ್ಲಿ ಬರುತ್ತಿದ್ದವು. ಚಿತ್ರ ಬರುವ ಮೊದಲೇ ಅದು ಅಂಗಡಿಗೆ ಬರುತ್ತಿತ್ತು. ಬಸ್ಸಿನಲ್ಲಿ, ಸೆಲೂನಿನಲ್ಲಿ, ಮದುವೆಯ ಚಪ್ಪರದಲ್ಲಿ ಹಾಡುತ್ತಿತ್ತು. ಸಂಗೀತ ನಿರ್ದೇಶಕನ ಯೋಗ್ಯತೆ ಅಲ್ಲಿಗೆ ತೀರ್ಮಾನವಾಗುತ್ತಿತ್ತು. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿಯೂ ಸಿನಿಮಾದಿಂದ ಹಾಡನ್ನೇ ಎತ್ತಿ ಕೊಡುತ್ತಿತ್ತು. ಬೇರೇನನ್ನು ಕೊಡಲು ಸಾಧ್ಯವಿತ್ತು? ಎರಡೂವರೆ ಗಂಟೆಯ ಚಿತ್ರದಲ್ಲಿ ಹಾಡುಗಳ ಪಾಲು ಅರ್ಧ ಗಂಟೆಯಷ್ಟು. ಉಳಿದ ಹೊತ್ತಿನಲ್ಲಿ ಮಾತಿನ ಕೆಳಗೆ, ಮೌನದ ಒಳಗೆ, ಹೊಡೆದಾಟದ ಮೇಲೆ ನಡೆಯುವ ಸಂಗೀತಕ್ಕೆ ಕ್ಯಾಸೆಟ್ಟಿನಲ್ಲಿ ಜಾಗವಿರಲಿಲ್ಲ. ಚಿತ್ರರಂಗದವರು ಅದನ್ನು ರೀರೆಕಾರ್ಡಿಂಗ್ ಎನ್ನುತ್ತಾರೆ. ಚಿತ್ರೀಕರಣ, ಸಂಕಲನ ಎಲ್ಲ ಮುಗಿದು ಬಿಡುಗಡೆಯ ದಿನ ಗೊತ್ತಾದ ಮೇಲೆ ಮಾಡುವ ಕೆಲಸ. ಹಾಡಿಗೆ ತಿಂಗಳುಗಟ್ಟಲೆ ಸಮಯವಿದ್ದರೆ ಇದಕ್ಕೆ ಕೆಲವೇ ದಿನಗಳು ಸಿಗುತ್ತಿದ್ದವು, ಹಲವು ಸಲ ರಾತ್ರಿಗಳು ಮಾತ್ರ. ಆ ಕೆಲವು ರಾತ್ರಿಗಳಲ್ಲಿ ಚಿತ್ರವನ್ನು ದಡ ಮುಟ್ಟಿಸುತ್ತಿದ್ದವನು ಹೆಚ್ಚಾಗಿ ಕೀಬೋರ್ಡ್ ವಾದಕ.

ಸಂದೀಪ್ ಚೌಟ ಅವರ ವೃತ್ತಿಜೀವನ ಈ ಎರಡು ಕೆಲಸಗಳ ನಡುವಿನ ಅಂತರವನ್ನು ಚೆನ್ನಾಗಿ ತೋರಿಸುತ್ತದೆ. ತುಳುವಿನಲ್ಲಿ ನಾಟಕಗಳನ್ನೂ ‘ಮಿತ್ತಬೈಲ್ ಯಮುನಕ್ಕ’ ಕಾದಂಬರಿಯನ್ನೂ ಬರೆದ ಡಿ. ಕೆ. ಚೌಟರ ಮಗ ಅವರು. ಹುಟ್ಟಿದ್ದು ಆಫ್ರಿಕದ ಘಾನಾದಲ್ಲಿ. ಹೆಸರು ತಂದದ್ದು ತೆಲುಗು ಚಿತ್ರ: ಕೃಷ್ಣವಂಶಿ ನಿರ್ದೇಶನದಲ್ಲಿ ನಾಗಾರ್ಜುನ, ತಬು ನಟಿಸಿದ 1996ರ ‘ನಿನ್ನೇ ಪೆಳ್ಳಾಡತಾ’. ಅದರ ಹಾಡುಗಳು ಆಂಧ್ರದ ಮನೆಮನೆಯಲ್ಲಿ ಕೇಳಿಬಂದವು. ಎರಡು ವರ್ಷಕ್ಕೆ ‘ಸತ್ಯ’. ಅದರಲ್ಲಿ ಹಾಡು ಅವರದಲ್ಲ, ಹಿನ್ನೆಲೆ ಮಾತ್ರ. ಮರುವರ್ಷ ‘ಮಸ್ತ್’ ಚಿತ್ರದ ಹಾಡುಗಳು, ಅದೇ ವರ್ಷ ಒಂದೂ ಹಾಡಿಲ್ಲದ ‘ಕೌನ್’. ಆಮೇಲೆ ‘ಜಂಗಲ್’, ‘ಪ್ಯಾರ್ ತೂನೇ ಕ್ಯಾ ಕಿಯಾ’, 2002ರಲ್ಲಿ ‘ಕಂಪನಿ’. ಸಿನಿಮಾದ ಆಚೆ ‘ಮ್ಯಾಟರ್ಸ್ ಆಫ್ ದ ಹಾರ್ಟ್’ ಎಂಬ ಜಾಝ್ ಆಲ್ಬಮ್. ಈ ಸಾಲಿನಲ್ಲಿ ನಮ್ಮೂರಿನ ಬಸ್ಸುಗಳಲ್ಲಿ ಕೇಳಿದ್ದು ‘ಮಸ್ತ್’. ಮದುವೆ ರಿಸೆಪ್ಶನ್ನುಗಳಲ್ಲಿ ಕುಣಿದದ್ದು ‘ಕಂಪನಿ’ಯ ಒಂದು ಹಾಡಿಗೆ. ಇಷ್ಟಕ್ಕೇ ಲೆಕ್ಕ ನಿಲ್ಲಿಸಿದರೆ ಅವರು ನಾಲ್ಕೈದು ವರ್ಷ ಮಿಂಚಿ ಬದಿಗೆ ಸರಿದ ಸಂಗೀತ ನಿರ್ದೇಶಕರು. ಬಹಳ ಕಾಲ ನಾವೂ ಹಾಗೆಯೇ ತಿಳಿದಿದ್ದೆವು.

‘ಸತ್ಯ’ವನ್ನು ಇವತ್ತು ಕುಳಿತು ಕೇಳಿದರೆ ಆ ಲೆಕ್ಕ ತಪ್ಪುತ್ತದೆ. ಅದುವರೆಗಿನ ಹಿಂದಿ ಚಿತ್ರಗಳಲ್ಲಿ ಹಿನ್ನೆಲೆ ಎಂದರೆ ಒತ್ತಕ್ಷರವಿದ್ದಂತೆ: ಅಮ್ಮ ಅತ್ತರೆ ಪಿಟೀಲು, ಖಳ ಬಂದರೆ ತುತ್ತೂರಿ, ನಾಯಕ ತಿರುಗಿದರೆ ಡ್ರಮ್ಮು. ತೆರೆಯ ಮೇಲೆ ಕಂಡದ್ದನ್ನೇ ಕಿವಿಗೆ ಇನ್ನೊಮ್ಮೆ ಹೇಳುವ ಪದ್ಧತಿ. ಚೌಟರು ಪಾತ್ರಕ್ಕಿಂತ ಊರಿಗೆ ಸಂಗೀತ ಮಾಡಿದರು. ತಗ್ಗಿನಲ್ಲಿ ಎಳೆದು ನಿಲ್ಲಿಸಿದ ಸ್ವರಗಳು, ಯಂತ್ರದ ನಾಡಿಯಂಥ ಎಲೆಕ್ಟ್ರಾನಿಕ್ ಲಯ, ಬೀದಿಯ ಗದ್ದಲದೊಳಗೆ ಸೇರಿಹೋಗುವ ತಾಳ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಅದು ಪ್ರೇಕ್ಷಕನಿಗೆ ಹೇಳಿಕೊಡುವುದಿಲ್ಲ. ಆ ಚಿತ್ರದ ನೈತಿಕ ಗೊಂದಲ ಚಿತ್ರಕಥೆಯಲ್ಲಿರುವಷ್ಟೇ ಸದ್ದಿನಲ್ಲೂ ಇದೆ. ನೂರು ಜನರ ವಾದ್ಯಗೋಷ್ಠಿಯನ್ನು ಹಾಲ್‌ನಲ್ಲಿ ಕೂರಿಸಿ ಇಂಥದ್ದನ್ನು ಮಾಡುವುದು ಕಷ್ಟ. ಒಬ್ಬನೇ ಕೀಬೋರ್ಡಿನ ಮುಂದೆ ಕುಳಿತು, ದೃಶ್ಯವನ್ನು ಹಿಂದೆ ಮುಂದೆ ಓಡಿಸುತ್ತ, ಒಂದು ಸ್ವರ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಹುಡುಕುವ ಕೆಲಸ ಇದು. ಫಿಲ್ಮ್‌ಫೇರ್ ಪ್ರಶಸ್ತಿಯಲ್ಲಿ ಹಿನ್ನೆಲೆ ಸಂಗೀತಕ್ಕೆ ಪ್ರತ್ಯೇಕ ವಿಭಾಗ ಆಗಷ್ಟೇ ಬಂದಿತ್ತು. 1998ರಲ್ಲಿ ‘ಗುಪ್ತ್’ ಚಿತ್ರಕ್ಕೆ ಅದನ್ನು ಪಡೆದವರು ಸಿಂಥಸೈಜರ್ ಪಟು ವಿಜು ಶಾ, 1999ರಲ್ಲಿ ‘ಸತ್ಯ’ಕ್ಕೆ ಪಡೆದವರು ಚೌಟ. ಮೊದಲ ಎರಡೂ ಬಾರಿ ಅದು ಕೀಬೋರ್ಡಿನವರ ಪಾಲಾಯಿತು ಎಂಬುದನ್ನು ಆಕಸ್ಮಿಕ ಎಂದು ತಳ್ಳಿಹಾಕುವಂತಿಲ್ಲ. ‘ಸತ್ಯ’ದ ಹಿನ್ನೆಲೆ ಸಂಗೀತ ‘ಸತ್ಯ: ದ ಸೌಂಡ್’ ಎಂದು ಬೇರೆಯೇ ಆಲ್ಬಮ್ ಆಗಿಯೂ ಹೊರಬಂತು. ಹಾಡಿಲ್ಲದ ಸಂಗೀತವನ್ನು ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ ಎಂದು ಒಂದು ಕಂಪನಿ ನಂಬಿದ ಆ ಗಳಿಗೆ ನಮ್ಮ ಸಿನಿಮಾ ಚರಿತ್ರೆಯಲ್ಲಿ ಸಣ್ಣದಲ್ಲ.

‘ಕೌನ್’ ಬಗ್ಗೆ ಇದೇ ಮೆಚ್ಚುಗೆ ನನಗಿಲ್ಲ. ಒಂದೇ ಮನೆ, ಒಂದು ಮಳೆಗಾಲದ ಹೊತ್ತು, ಮೂರೇ ಪಾತ್ರ. ಊರ್ಮಿಳಾ ಮಾತೋಂಡ್ಕರ್ ಬಾಗಿಲ ಹಿಂದೆ ನಿಂತು ಹೆದರುವ ಚಿತ್ರ. ಹಾಡು ಇಲ್ಲದ್ದರಿಂದ ಸಂಗೀತಗಾರನಿಗೆ ಪೂರ್ತಿ ಅಂಗಳ ಬಿಟ್ಟುಕೊಟ್ಟಂತಾಯಿತು. ಅವರು ಅದನ್ನು ಪೂರ್ತಿ ತುಂಬಿಸಿಬಿಟ್ಟರು. ಮಳೆಯ ಸದ್ದು, ಕರೆಗಂಟೆಯ ಸದ್ದು ಸಾಕಾಗುತ್ತಿದ್ದ ಕಡೆಯೂ ಕೀಬೋರ್ಡ್ ಎಚ್ಚರಿಸುತ್ತದೆ. ಆಗ ಬೆಚ್ಚಿಬಿದ್ದವರಿಗೆ ಈಗ ಅದು ಅತಿಯೆನಿಸುವುದು ಸಹಜ. 90ರ ದಶಕದ ಕೀಬೋರ್ಡ್ ನಾದಗಳಿಗೆ ವಯಸ್ಸಾಗಿದೆ ಎಂಬುದನ್ನೂ ಒಪ್ಪಬೇಕು. ಆ ಯಂತ್ರಗಳೊಳಗೆ ತಯಾರಿಸಿಟ್ಟ ಪಿಟೀಲು, ಕೊಳಲು, ಗಾಯನವೃಂದದ ನಾದಗಳನ್ನು ಎಲ್ಲರೂ ಬಳಸಿ ಬಳಸಿ ಸವೆಸಿದರು. ಆದರೆ ‘ಕೌನ್’ನ ಅತಿಯಿಂದಲೇ ‘ಸತ್ಯ’ದ ಸಂಯಮ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಅದೇ ವಾದ್ಯ, ಅದೇ ಕೈ, ಅದೇ ನಿರ್ದೇಶಕ, ನಡುವೆ ಹೆಚ್ಚೆಂದರೆ ಒಂದು ವರ್ಷ. ವ್ಯತ್ಯಾಸ ಬಂದದ್ದು ದೃಶ್ಯವನ್ನು ಕೇಳಿದ ರೀತಿಯಲ್ಲಿ.

ದೃಶ್ಯವನ್ನು ಕೇಳುವ ಈ ವಿದ್ಯೆ ಕಂಕನಾಡಿಯ ಸುತ್ತಮುತ್ತ ಆಗಲೇ ಇತ್ತು ಎಂಬುದು ನಾವು ಗಮನಿಸದೆ ಬಿಟ್ಟ ಇನ್ನೊಂದು ಸಂಗತಿ. ಗಲ್ಫಿನಿಂದ ರಜೆಗೆ ಬಂದವರು ಕ್ಯಾಸಿಯೊ, ಯಮಾಹಾ ಕೀಬೋರ್ಡುಗಳನ್ನು ಬಟ್ಟೆ, ಸಾಬೂನುಗಳ ಜೊತೆ ತರುತ್ತಿದ್ದ ಕಾಲ. ಅವು ಮನೆಯಿಂದ ಇಗರ್ಜಿಯ ಕಾಯರಿಗೆ, ಅಲ್ಲಿಂದ ಮದುವೆಯ ವೇದಿಕೆಗೆ, ಅಲ್ಲಿಂದ ರಸಮಂಜರಿಗೆ ದಾಟುತ್ತಿದ್ದವು. ಒಬ್ಬನೇ ಹುಡುಗ ಭಾನುವಾರ ಬೆಳಿಗ್ಗೆ ಪೂಜೆಗೆ ಕೊಂಕಣಿ ಗೀತೆ ನುಡಿಸಿ, ಸಂಜೆ ಮದುವೆಯ ಮುಂಚಿನ ರೋಸ್ ಶಾಸ್ತ್ರದ ಮನೆಯಲ್ಲಿ ಹಳೆಯ ಪದಗಳಿಗೆ ಶ್ರುತಿ ಹಿಡಿದು, ರಾತ್ರಿ ಬಯಲಿನಲ್ಲಿ ತುಳು ನಾಟಕಕ್ಕೆ ಕೂರುತ್ತಿದ್ದ. ಇಂಥವರು ಒಬ್ಬಿಬ್ಬರಲ್ಲ, ಪ್ರತಿ ವಾರ್ಡಿಗೂ ಇದ್ದರು. ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ ಅವರ ‘ವಿಲ್ಫಿ ನೈಟ್’ಗಳು, 1986ರಲ್ಲಿ ಶುರುವಾದ ಕೊಂಕಣಿ ಸಂಸ್ಥೆ ಮಾಂಡ್ ಸೊಭಾಣ್‌ನ ಕಾರ್ಯಕ್ರಮಗಳು ಹಲವರನ್ನು ತಿದ್ದಿದವು. ಅವರಲ್ಲಿ ನಿಜವಾದ ಪರೀಕ್ಷೆ ಎದುರಿಸುತ್ತಿದ್ದವನು ನಾಟಕದವನು. ವೇದಿಕೆಯ ಬದಿಯಲ್ಲಿ, ಅರ್ಧ ಕತ್ತಲೆಯಲ್ಲಿ, ರಿದಮ್ ಪ್ಯಾಡಿನವನ ಪಕ್ಕದಲ್ಲಿ ಅವನ ಕುರ್ಚಿ. ತುಳು ನಾಟಕದಲ್ಲಿ ಮಾತು ಪ್ರತಿ ಪ್ರದರ್ಶನಕ್ಕೂ ಬದಲಾಗುತ್ತದೆ. ಹಾಸ್ಯನಟ ಚಪ್ಪಾಳೆ ಬಿದ್ದರೆ ಒಂದು ಪ್ರಸಂಗವನ್ನು ಎರಡು ಪಟ್ಟು ಎಳೆಯುತ್ತಾನೆ, ಬೀಳದಿದ್ದರೆ ಥಟ್ಟನೆ ಮುಗಿಸುತ್ತಾನೆ. ನಗೆಯ ಅಲೆ ಇಳಿಯುವುದಕ್ಕೂ ಮುಂದಿನ ಮಾತು ಏಳುವುದಕ್ಕೂ ನಡುವಿನ ಕ್ಷಣದಲ್ಲಿ ಎರಡು ಸ್ವರ ಇಟ್ಟು ಸಭೆಯನ್ನು ಅಳುವಿನ ಕಡೆಗೆ ತಿರುಗಿಸುವವನು ಆ ಕೀಬೋರ್ಡಿನವನು. ಅವನ ಮುಂದೆ ಸ್ವರಲಿಪಿಯಿಲ್ಲ, ಎರಡನೆಯ ಟೇಕ್ ಇಲ್ಲ. ಕರಪತ್ರದಲ್ಲಿ ಹೆಸರಿದ್ದರೆ ‘ಸಂಗೀತ’ ಎಂಬ ಸಾಲಿನಲ್ಲಿ ಒಂದು ಮೂಲೆ. ನಾಟಕ ನೋಡಿ ಮನೆಗೆ ಹೋದವರು ನಟರ ಮಾತನ್ನು ವಾರಗಟ್ಟಲೆ ಹೇಳಿಕೊಂಡು ನಗುತ್ತಿದ್ದರು. ಅವನು ಏನು ನುಡಿಸಿದ ಎಂದು ಯಾರೂ ಹೇಳಿದ್ದಿಲ್ಲ.

ಇದಕ್ಕೂ ಹಿಂದಿನ ಪಾಠ ಯಕ್ಷಗಾನದ್ದು. ಹಿಮ್ಮೇಳದಲ್ಲಿ ಶ್ರುತಿಗೆ ಹಿಂದೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಶ್ರುತಿಯ ಉಪಕರಣ ಬದಲಾದರೂ ಭಾಗವತನ ಅಧಿಕಾರ ಬದಲಾಗಲಿಲ್ಲ. ವೇಷ ರಂಗಕ್ಕೆ ಬರುವ ಮೊದಲು ಚೆಂಡೆ ಎಷ್ಟು ಹೊತ್ತು ಕಾಯಿಸಬೇಕು, ಅರ್ಥಗಾರಿಕೆ ಯಾವ ಮಾತಿಗೆ ಬಂದಾಗ ಪದ್ಯ ಎತ್ತಬೇಕು, ಯುದ್ಧದ ಬಿಡ್ತಿಗೆಯಲ್ಲಿ ಎಲ್ಲಿ ಕಾಲ ಏರಿಸಬೇಕು ಎಂಬುದು ರಂಗ ನೋಡಿ ನಿರ್ಧಾರವಾಗುತ್ತದೆ. ಈ ನೆಲದಿಂದ ಸಿನಿಮಾಕ್ಕೆ ಹೋದ ಅತಿ ದೊಡ್ಡ ಕಿವಿ ಬಿ. ವಿ. ಕಾರಂತರದು. ಬಂಟ್ವಾಳ ತಾಲೂಕಿನ ಮಂಚಿಯ ಬಾಬುಕೋಡಿಯವರು. ‘ಋಷ್ಯಶೃಂಗ’ಕ್ಕೆ 1976ರ ಸಾಲಿನಲ್ಲೂ ‘ಘಟಶ್ರಾದ್ಧ’ಕ್ಕೆ 1977ರ ಸಾಲಿನಲ್ಲೂ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಸತತವಾಗಿ ಪಡೆದರು. ಕ್ಯಾಸೆಟ್ ಮಾರಾಟದ ಲೆಕ್ಕದಲ್ಲಿ ಎಲ್ಲೂ ಇಲ್ಲದ ಸಂಗೀತ ಅದು. ಕಾರಂತರು ಕೀಬೋರ್ಡಿನ ಕಡೆಯವರಲ್ಲ. ಮನುಷ್ಯನ ದನಿ, ದಿನಬಳಕೆಯ ವಸ್ತುಗಳ ಸದ್ದು, ಜನಪದ ವಾದ್ಯ ಅವರ ಸಾಮಗ್ರಿ. ಆದರೂ ಅವರನ್ನೂ ಚೌಟರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲು ನನಗೆ ಹಿಂಜರಿಕೆಯಿಲ್ಲ. ಇಬ್ಬರೂ ಸಂಗೀತಕ್ಕೆ ದೃಶ್ಯವನ್ನು ವಿವರಿಸುವ ಕೆಲಸ ಕೊಡದೆ ದೃಶ್ಯದೊಳಗೆ ಬದುಕುವ ಕೆಲಸ ಕೊಟ್ಟರು.

ಇಲ್ಲಿ ಸಂಗೀತಜ್ಞರ ಹಳೆಯ ಆಕ್ಷೇಪ ಒಂದಿದೆ. ಕೀಬೋರ್ಡಿನಂತೆ ಮನೆಗಳಿರುವ ವಾದ್ಯ ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ, ಅದರಲ್ಲಿ ಗಮಕವಿಲ್ಲ, ಮೀಂಡ್ ಇಲ್ಲ ಎಂಬುದು. ಈ ವಾದದ ಮೇಲೆಯೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯಲ್ಲೇ ನಮ್ಮ ರಾಗಗಳ ಜೀವ ಇರುವುದು. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರೆ ತೋಡಿಯೋ ಶಹಾನವೋ ಉಳಿಯುವುದಿಲ್ಲ. ಆದರೆ ಸಿನಿಮಾದ ಚರಿತ್ರೆ ಇದಕ್ಕೆ ಯಾವಾಗಲೋ ಉತ್ತರ ಕೊಟ್ಟಿದೆ. 1954ರ ‘ನಾಗಿನ್’ ಚಿತ್ರದ ಹಾವಾಡಿಗನ ಪುಂಗಿಯ ದನಿ ಬಂದದ್ದು ಪುಂಗಿಯಿಂದಲ್ಲ. ಹೇಮಂತ್ ಕುಮಾರ್ ಅವರ ಸಂಗೀತಕ್ಕೆ ಕಲ್ಯಾಣ್‌ಜಿ ಅವರು ಕ್ಲಾವಿಯೊಲಿನ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ನುಡಿಸಿದ್ದು. ಆಮೇಲೆ ಮದುವೆ ಬ್ಯಾಂಡುಗಳು ಅನುಕರಿಸಿದ್ದು ಅದೇ ದನಿಯನ್ನು. ಕಲ್ಯಾಣ್‌ಜಿಯವರ ಮಗನೇ ಮೇಲೆ ಹೇಳಿದ ವಿಜು ಶಾ. ಸ್ವರವನ್ನು ಬಗ್ಗಿಸುವ ಪಿಚ್ ಬೆಂಡ್ ಚಕ್ರ ಕೀಬೋರ್ಡಿನ ಎಡಬದಿಗೆ ಬಂದ ಮೇಲೆ ಜಾರುವುದು ಅಸಾಧ್ಯವಾಗಿ ಉಳಿಯಲಿಲ್ಲ, ಅಭ್ಯಾಸದ ವಿಷಯವಾಯಿತು. ವಾದ್ಯದ ಹುಟ್ಟಿನಿಂದ ಅದರ ಯೋಗ್ಯತೆ ಅಳೆಯುವುದು ನಮ್ಮೂರಿನವರಿಗಂತೂ ಒಪ್ಪುವ ಮಾತಲ್ಲ. ಕಂಕನಾಡಿಯಿಂದ ಕೂಗಳತೆಯ ಕದ್ರಿಯ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡ ಗೋಪಾಲನಾಥರು ಬ್ಯಾಂಡಿನವರ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದರು, ಗಮಕ ಬರುವಂತೆ ಅದನ್ನು ಒಗ್ಗಿಸಿದರು, 1994ರಲ್ಲಿ ಎ. ಆರ್. ರೆಹಮಾನ್ ಸಂಗೀತದ ‘ಡ್ಯುಯೆಟ್’ ಚಿತ್ರಕ್ಕೆ ಅದರ ಉಸಿರು ಕೊಟ್ಟರು. ಆ ರೆಹಮಾನ್ ಕೂಡ ಕೀಬೋರ್ಡ್ ವಾದಕರಾಗಿ ಇಳಯರಾಜರ ಬಳಿ, ಕನ್ನಡದ ವಿಜಯಾನಂದ್, ಹಂಸಲೇಖ ಅವರ ಬಳಿ ದುಡಿದು ಬಂದವರು.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಅದಕ್ಕೆ ನುಣುಚಿಕೊಳ್ಳುವ ಉತ್ತರ ಕೊಡಬಾರದು. ಕೀಬೋರ್ಡ್ ಬಂದು ವಾದ್ಯಗಾರರ ಅನ್ನ ಕಿತ್ತುಕೊಂಡಿತು ಎಂಬುದು. 1983ರಲ್ಲಿ ಮಿಡಿ ಎಂಬ ಸಂಪರ್ಕ ಪದ್ಧತಿಯೂ ಯಮಾಹಾದ ಡಿಎಕ್ಸ್7ನೂ ಬಂದವು, 1988ರಲ್ಲಿ ಕೋರ್ಗ್ ಎಂ1 ಬಂತು. ಅಲ್ಲಿಂದ ಹತ್ತು ವರ್ಷದೊಳಗೆ ಮುಂಬಯಿ, ಚೆನ್ನೈಗಳ ರೆಕಾರ್ಡಿಂಗ್ ಹಾಲ್‌ಗಳು ಖಾಲಿಯಾಗತೊಡಗಿದವು. ಮುಂಬಯಿಯ ಆ ಹಾಲ್‌ಗಳಲ್ಲಿ ಪಿಟೀಲು, ಚೆಲ್ಲೊ, ಟ್ರಂಪೆಟ್ ಹಿಡಿದು ಕೂರುತ್ತಿದ್ದವರಲ್ಲಿ ಬಹುಪಾಲು ಗೋವಾದವರು, ಅಂದರೆ ನಮ್ಮ ಕೊಂಕಣಿಗರ ಬಂಧುಗಳೇ. ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ ಕಲಿತು, ತಮ್ಮ ಹೆಸರು ಎಲ್ಲೂ ಬಾರದಿದ್ದರೂ ನಾಲ್ಕು ದಶಕ ಹಿಂದಿ ಚಿತ್ರಗಳನ್ನು ಹೊತ್ತ ಜನ. ಅವರ ನಷ್ಟ ನಿಜ. ‘ಸತ್ಯ’ದಂಥ ಸಾಧನೆಯ ಹೊಗಳಿಕೆಯಲ್ಲಿ ಅದನ್ನು ಮರೆಸಬಾರದು. ಆದರೆ ಕರಾವಳಿಯ ಕಡೆಯಿಂದ ನೋಡಿದರೆ ಕಥೆಗೆ ಇನ್ನೊಂದು ಮುಖವಿದೆ. ಇಲ್ಲಿ ಕೆಲಸ ಕಳೆದುಕೊಳ್ಳಲು ಅಂಥ ವಾದ್ಯಗೋಷ್ಠಿ ಎಂದೂ ಇರಲಿಲ್ಲ. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. ಸಣ್ಣ ಬಂಡವಾಳದ ತುಳು, ಕೊಂಕಣಿ ಚಿತ್ರಗಳು ಸಂಗೀತಕ್ಕೆ ದೂರದ ನಗರಗಳನ್ನು ನೆಚ್ಚಿಕೊಂಡಿದ್ದವು. ಕೀಬೋರ್ಡೂ ಕಂಪ್ಯೂಟರೂ ಬಂದ ಮೇಲೆ ಮಂಗಳೂರಿನ ಒಂದು ಕೋಣೆಯಲ್ಲಿ ಒಬ್ಬ ತರುಣ ಚಿತ್ರಕ್ಕೆ ಸಂಗೀತ ಮಾಡುವುದು ಸಾಧ್ಯವಾಯಿತು. 2011ರ ‘ಒರಿಯರ್ದೊರಿ ಅಸಲ್’ ನಂತರ ತುಳು ಚಿತ್ರಗಳ ಸಂಖ್ಯೆ ಏರಿದ್ದಕ್ಕೆ ಇದೂ ಒಂದು ಕಾರಣ. ದೊಡ್ಡ ನಗರದಲ್ಲಿ ನೂರು ಜನರ ಕೆಲಸ ಕಿತ್ತ ಯಂತ್ರವೇ ಸಣ್ಣ ಊರಿನ ಒಬ್ಬನಿಗೆ ಬಾಗಿಲು ತೆರೆಯಿತು. ಎರಡೂ ಒಟ್ಟಿಗೆ ನಿಜ. ಒಂದರಿಂದ ಇನ್ನೊಂದನ್ನು ಸಮರ್ಥಿಸಲು ನಾನು ಹೋಗುವುದಿಲ್ಲ.

ಹಾಡು ಜನರ ಬಾಯಲ್ಲಿ ಉಳಿಯುತ್ತದೆ, ಹಿನ್ನೆಲೆ ಚಿತ್ರದೊಂದಿಗೆ ಸಾಯುತ್ತದೆ ಎನ್ನುವವರೂ ಇದ್ದಾರೆ. ಕ್ಯಾಸೆಟ್ಟಿನ ಕಾಲದಲ್ಲಿ ಈ ಮಾತು ಸರಿಯೆನಿಸುತ್ತಿತ್ತು. ಅದೇ 1998ರಲ್ಲಿ ಮಂಗಳೂರಿನ ಗುರುಕಿರಣ್ ಉಪೇಂದ್ರರ ‘ಎ’ ಚಿತ್ರದಿಂದ ಸಂಗೀತ ನಿರ್ದೇಶಕರಾದರು. ಅವರ ಹಾಡುಗಳು ಕನ್ನಡನಾಡಿನ ಉದ್ದಗಲಕ್ಕೂ ಹಬ್ಬಿದವು, ಊರಿಗೆ ಊರೇ ಹೆಮ್ಮೆಪಟ್ಟಿತು. ಆ ಹೆಮ್ಮೆ ನ್ಯಾಯವೇ. ಆದರೆ ಇಪ್ಪತ್ತು ವರ್ಷದ ಬಳಿಕ ಏನಾಯಿತು ನೋಡಿ. ಕುಂದಾಪುರ ತಾಲೂಕಿನ ಬಸ್ರೂರಿನ ರವಿ ಬಸ್ರೂರು 2018ರ ‘ಕೆಜಿಎಫ್’ನಲ್ಲೂ 2022ರ ಅದರ ಎರಡನೆಯ ಭಾಗದಲ್ಲೂ ಮಾಡಿದ ಕೆಲಸದಲ್ಲಿ ದೇಶದ ತುಂಬ ಜನ ಗುನುಗಿದ್ದು ಹಿನ್ನೆಲೆಯ ತುಣುಕುಗಳನ್ನೇ. ವಿಗ್ರಹ ಕೆತ್ತುವ ಕುಲಕಸುಬಿನಿಂದ ಬಂದ ಅವರು ತಮ್ಮೂರಿನಲ್ಲೇ ಸ್ಟುಡಿಯೊ ಕಟ್ಟಿಕೊಂಡು ದೊಡ್ಡ ಚಿತ್ರಗಳಿಗೆ ಸಂಗೀತ ಮಾಡುತ್ತಾರೆ. 2022ರ ‘ಕಾಂತಾರ’ದಲ್ಲಿ ಅಜನೀಶ್ ಲೋಕನಾಥ್ ಕರಾವಳಿಯ ಜನಪದ ಗಾಯಕರ ದನಿಯನ್ನು ಹಿನ್ನೆಲೆಯ ಎಲೆಕ್ಟ್ರಾನಿಕ್ ಪದರಗಳೊಂದಿಗೆ ಬೆಸೆದರು. ಕೊನೆಯ ಹದಿನೈದು ನಿಮಿಷದಲ್ಲಿ ಥಿಯೇಟರನ್ನು ಹಿಡಿದು ನಿಲ್ಲಿಸಿದ್ದು ಮಾತಲ್ಲ, ಸದ್ದು. ರಾಷ್ಟ್ರಪ್ರಶಸ್ತಿಯೂ 2009ರ ಸಾಲಿನಿಂದ ಹಾಡಿನ ಸಂಗೀತವನ್ನೂ ಹಿನ್ನೆಲೆಯನ್ನೂ ನಿಯಮಿತವಾಗಿ ಬೇರೆಬೇರೆಯಾಗಿ ಗುರುತಿಸತೊಡಗಿತು. ಆ ವರ್ಷ ಹಿನ್ನೆಲೆಗೆ ಪಡೆದವರು ಮಲಯಾಳದ ‘ಪಳಶ್ಶಿರಾಜ’ಕ್ಕೆ ಸಂಗೀತ ನೀಡಿದ ಇಳಯರಾಜ. ಹಿನ್ನೆಲೆ ಸಾಯುತ್ತದೆ ಎಂದವರು ಅದನ್ನು ಇಟ್ಟುಕೊಳ್ಳಲು ಜಾಗವಿಲ್ಲದ ಕಾಲದಲ್ಲಿ ಮಾತಾಡುತ್ತಿದ್ದರು. ಜಾಗ ಸಿಕ್ಕಿದ ಕೂಡಲೇ ಜನ ಅದನ್ನು ಇಟ್ಟುಕೊಂಡರು. ಒಂದು ಅಪಾಯವನ್ನೂ ಹೇಳಬೇಕು: ಹಿನ್ನೆಲೆಗೆ ಈಗ ಸಿಕ್ಕಿರುವ ಮನ್ನಣೆ ಹೆಚ್ಚಾಗಿ ಅಬ್ಬರಕ್ಕೆ ಸಿಕ್ಕ ಮನ್ನಣೆ. ನಾಯಕ ನಡೆದು ಬರುವಾಗ ಕಿವಿ ಕಿತ್ತುಹೋಗುವಂತೆ ಮೊಳಗುವುದನ್ನೇ ಶಕ್ತಿ ಎಂದು ತಿಳಿದರೆ, ಒತ್ತಕ್ಷರದ ಹಳೆಯ ಪದ್ಧತಿಗೆ ದೊಡ್ಡ ಸ್ಪೀಕರು ಕೊಟ್ಟು ವಾಪಸು ಕರೆತಂದಂತೆ. ‘ಸತ್ಯ’ವನ್ನು ಈಗಿನ ಹುಡುಗರು ಕೇಳಬೇಕಾದದ್ದು ಈ ಕಾರಣಕ್ಕೆ.

ಸಂದೀಪ್ ಚೌಟರನ್ನು ಕರಾವಳಿಯವರೆಂದು ಎಳೆದುಕೊಳ್ಳುವುದು ಭಾವುಕತೆಯಲ್ಲವೇ ಎಂದು ಕೇಳಬಹುದು. ಘಾನಾದಲ್ಲಿ ಹುಟ್ಟಿ, ಹೈದರಾಬಾದು ಮುಂಬಯಿಗಳ ಚಿತ್ರಗಳಿಗೆ ದುಡಿದವರ ಕಲೆ ಮೀಯಪದವಿನ ಬಯಲಾಟದಿಂದ ಬಂತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ಹೇಳುವುದೂ ಇಲ್ಲ. ಅವರ ಹಾಡುಗಳೆಲ್ಲ ಒಂದೇ ಎತ್ತರದವಲ್ಲ ಎಂಬುದೂ ನಿಜ. ‘ಮಸ್ತ್’ನಲ್ಲಿ ಹೊಸತೆನಿಸಿದ್ದು ಮುಂದಿನ ಚಿತ್ರಗಳಲ್ಲಿ ರೂಢಿಯಾಯಿತು. ಪ್ರಶ್ನೆ ಅವರು ನಮ್ಮವರೇ ಎಂಬುದಲ್ಲ, ನಾವು ಎಂಥ ಕೇಳುಗರು ಎಂಬುದು. ಇಡೀ ರಾತ್ರಿ ಚೆಂಡೆಯ ಒಂದೊಂದು ಪೆಟ್ಟಿನ ಅರ್ಥ ಹಿಡಿಯುವ, ನೇಮದಲ್ಲಿ ತೆಂಬರೆಯ ಗತಿ ಬದಲಾದ ಕೂಡಲೇ ದೈವ ಮೈಮೇಲೆ ಬರುತ್ತಿದೆಯೆಂದು ತಿಳಿಯುವ ಜನ ನಾವು. ಈ ಕಿವಿಯನ್ನು ಥಿಯೇಟರಿನ ಬಾಗಿಲಲ್ಲಿ ಬಿಟ್ಟು ಒಳಗೆ ಹೋದೆವು. ಅಲ್ಲಿ ಹಾಡನ್ನು ಮಾತ್ರ ಸಂಗೀತವೆಂದು ಎಣಿಸಿದೆವು. ಕಾಯರ್, ರೋಸ್, ನಾಟಕಗಳ ಕೀಬೋರ್ಡ್ ವಾದಕರಲ್ಲಿ ಎಷ್ಟು ಜನರಿಗೆ ದೃಶ್ಯಕ್ಕೆ ಸ್ವರ ಹುಡುಕುವ ಪ್ರತಿಭೆ ಇತ್ತೋ, ಅದನ್ನು ಗುರುತಿಸಿ ಹೇಳುವವರು ಇರಲಿಲ್ಲ. ಚೆನ್ನಾಗಿ ಹಾಡು ನುಡಿಸಿದವನಿಗೆ ಚಪ್ಪಾಳೆ ಸಿಕ್ಕಿತು. ಸರಿಯಾದ ಕಡೆ ನಿಲ್ಲಿಸಿದವನಿಗೆ ಸಿಗಲಿಲ್ಲ. ಹಲವರು ಬ್ಯಾಂಕಿಗೋ ಗಲ್ಫಿಗೋ ಹೋದರು, ಕೆಲವರು ಮಕ್ಕಳಿಗೆ ಕೀಬೋರ್ಡ್ ಕ್ಲಾಸು ನಡೆಸಿ ಬದುಕಿದರು. ಆ ಬದುಕಿನಲ್ಲಿ ಕೊರತೆಯಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಕೆಲಸಕ್ಕೆ ನಾವು ಸರಿಯಾದ ಹೆಸರು ಕೊಡಲಿಲ್ಲ.

ಈಗ ವೇದಿಕೆಯ ಬದಿಯ ಆ ಕುರ್ಚಿಯೂ ಖಾಲಿಯಾಗುತ್ತಿದೆ. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ‘ಶಿವದೂತೆ ಗುಳಿಗೆ’ ನಾಟಕ ಮೊದಲೇ ರೆಕಾರ್ಡ್ ಮಾಡಿಟ್ಟ ಧ್ವನಿ, ಸಂಗೀತದ ಮೇಲೆ ನಡೆಯುತ್ತದೆ. ಸಂಗೀತ ಕದ್ರಿ ಗೋಪಾಲನಾಥರ ಮಗ ಮಣಿಕಾಂತ್ ಕದ್ರಿಯವರದು. ಆ ನಾಟಕದ ಯಶಸ್ಸು ಎಲ್ಲರಿಗೂ ಗೊತ್ತು. ಸಿನಿಮಾದ ವಿದ್ಯೆ ರಂಗಕ್ಕೆ ಮರಳಿ ಬಂದ ಬಗೆ ಅದು, ಅದನ್ನು ಸ್ವಾಗತಿಸುತ್ತೇನೆ. ಇದೇ ದಾರಿಯಲ್ಲಿ ಉಳಿದ ತಂಡಗಳೂ ಹೋದರೆ ನಗೆಯ ಅಲೆ ಇಳಿಯುವ ಕ್ಷಣವನ್ನು ಕಾಯುತ್ತಿದ್ದ ಕೈಗಳು ಬೇಡವಾಗುತ್ತವೆ. ಆ ಕೈಗಳ ಕೆಲಸದ ದಾಖಲೆ ಇರುವುದು ಕೆಲವು ಹಳೆಯ ನಾಟಕದ ಕ್ಯಾಸೆಟ್, ವಿಡಿಯೊಗಳಲ್ಲಿ ಮಾತ್ರ. ನಮ್ಮ ಮಳೆಗಾಲದ ಥಂಡಿಗೆ ಅವು ಬೂಸ್ಟು ಹಿಡಿಯುತ್ತಿವೆ. ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿ ಮತ್ತು ಕೊಂಕಣಿ ಸಾಹಿತ್ಯ ಅಕಾಡೆಮಿಗಳು ಹಾಡುಗಾರರ, ನಟರ ಸಂದರ್ಶನಗಳನ್ನು ಕೂಡಿಸುವಾಗ ಕೀಬೋರ್ಡ್, ಪ್ಯಾಡ್ ನುಡಿಸಿದವರನ್ನೂ ಕೂರಿಸಿ ಮಾತಾಡಿಸಬೇಕು. ಯಾವ ದೃಶ್ಯಕ್ಕೆ ಏನು ನುಡಿಸಿದಿರಿ, ಏಕೆ ನುಡಿಸಿದಿರಿ ಎಂದು ಕೇಳಬೇಕು. ತುಳು ಚಿತ್ರ ನಿರ್ಮಾಪಕರು ರೀರೆಕಾರ್ಡಿಂಗ್ ಮಾಡಿದವರ ಹೆಸರನ್ನು ಪೋಸ್ಟರಿನಲ್ಲಿ ಹಾಡಿನವರ ಹೆಸರಿನಷ್ಟೇ ದೊಡ್ಡದಾಗಿ ಹಾಕಬೇಕು. ಮನೆಯ ಅಟ್ಟದಲ್ಲಿ ಹಳೆಯ ತುಳು ನಾಟಕದ ಟೇಪು, ರಸಮಂಜರಿಯ ರೆಕಾರ್ಡಿಂಗು ಇದ್ದವರು ದಯವಿಟ್ಟು ಅದನ್ನು ಎಸೆಯಬೇಡಿ. ನುಡಿಸಿದವರ ಹೆಸರು ನೆನಪಿದ್ದರೆ ಅದರ ಮೇಲೆ ಇವತ್ತೇ ಬರೆದಿಡಿ.